ಅಳಿಯನ ಪಿಕಪ್ಪು, ತಂಗಿಯ ಗೂಡು

"ಮಾವ, ನನಗೊಂದು ಕಂಪ್ರೆಸರ್ ಬೇಕಾಗಿತ್ತು."

ಫೋನು ಸ್ಪೀಕರಿನಲ್ಲಿತ್ತು, ನನ್ನ ಎರಡೂ ಕೈ ಅವರೆಕಾಯಿಯಲ್ಲಿತ್ತು. ಅಗರದ ನಮ್ಮ ಮನೆ ಜಗಲಿ ಮೇಲೆ ಸಂಜೆ ಹೊತ್ತು ಯಾರು ಬೇಕಾದರೂ ಬಂದು ಕೂರಬಹುದು, ಯಾರ ಫೋನು ಬೇಕಾದರೂ ಕೇಳಿಸಿಕೊಳ್ಳಬಹುದು. ಅಭಿಪ್ರಾಯ ಕೊಡುವುದಂತೂ ಕಡ್ಡಾಯ. ಹಾಗಾಗಿ ಅಳಿಯ ಕೇಳಿದ್ದು ಒಂದೇ ಕಂಪ್ರೆಸರ್ ಆದರೂ ಜಗಲಿಗೆ ಬಂದು ಬಿದ್ದದ್ದು ಮೂರು.

ನನ್ನ ಹೆಂಡತಿಗೆ ಅದು ಫ್ರಿಜ್ಜಿನದು. "ಹೋದ ವರ್ಷ ತಾನೇ ಹೊಸದು ತಗೊಂಡ್ರು, ಅಷ್ಟರಲ್ಲೇ ಕೆಟ್ಟೋಯ್ತಾ?" ಎಂದು ನಾದಿನಿಯ ಸಂಸಾರದ ಬಗ್ಗೆ ಮರುಗಿದಳು. ಎದುರು ಮನೆ ಯಜಮಾನರಿಗೆ ಅದು ಬೋರ್‌ವೆಲ್ಲಿನದು. "ಬತ್ತೋದ ಬೋರ್ಗ ಕಂಪ್ರೆಸರ್ ಬುಟ್ರ ಕೆಸರು ಬತ್ತದ, ದುಡ್ಡು ಹೋಯ್ತದ. ಬ್ಯಾಡ ಅನ್ನಿ ಮಾಷ್ಟ್ರೇ." ಮೂರನೆಯವನು ಪಂಚರ್ ಅಂಗಡಿ ಹುಡುಗ. ಅವನು ಮರುಗಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ, ನೇರ ವ್ಯಾಪಾರಕ್ಕೇ ಇಳಿದ: "ಸಾ, ನನ್ ಹತ್ರ ಹಳೇದೊಂದದ. ಬೆಲ್ಟು ಹೊಸ್ದು."

"ಅದ್ಯಾವುದೂ ಅಲ್ಲ ಮಾವ, ಇದು ಕಾಲಲ್ಲಿ ಒತ್ತೋದು. ಪೆಡಲ್ಲು."

"ಸೈಕಲ್ಲಿಂದಾ?" ಅಂದಳು ನನ್ನವಳು.

ನನ್ನ ಅಳಿಯನ ಶಬ್ದಕೋಶ ಊರಿಗೆ ಗೊಂದಲ ಉಂಟುಮಾಡಿದ್ದು ಇದೇ ಮೊದಲಲ್ಲ. ಮೂರು ತಿಂಗಳ ಕೆಳಗೆ "ಪಿಕಪ್ ಬದಲಾಯಿಸ್ತೀನಿ" ಅಂದಿದ್ದ. ಹುಡುಗ ಬೊಲೆರೊ ಪಿಕಪ್ ಇಳಿಸಿದ್ದಾನೆ ಅಂತ ಸುದ್ದಿ ಹಬ್ಬಿ, ಅರಿಶಿನ ಬೆಳೆದ ಇಬ್ಬರು ಮಂಡಿಗೆ ಸಾಗಿಸಲು ಬಾಡಿಗೆ ಎಷ್ಟು ಅಂತ ವಿಚಾರಿಸಿಕೊಂಡು ಹೋಗಿದ್ದರು. ಅದಕ್ಕೂ ಮುಂಚೆ "ಬ್ರಿಡ್ಜು ತಗ್ಗಿದೆ, ಎತ್ತರಿಸಬೇಕು" ಅಂದಾಗ, ಯಾವುದು, ಸುವರ್ಣಾವತಿ ಹೊಳೆಯದೋ ಶಿವನಸಮುದ್ರದ್ದೋ ಅಂತ ಒಂದು ಗಂಟೆ ಚರ್ಚೆ ನಡೆದಿತ್ತು.

ಇಷ್ಟಕ್ಕೆಲ್ಲ ಕಾರಣ ಬೇಸ್ ಗಿಟಾರು. ನಾಲ್ಕು ತಂತಿ, ಉದ್ದ ಕುತ್ತಿಗೆ, ಹೆಗಲಿಗೆ ಹಾಕಿಕೊಂಡರೆ ಒಂದು ಎಳೆ ಮಗುವಿನ ತೂಕ. ತಂಗಿಯ ಮಗ ಹಗಲು ಕೊಳ್ಳೇಗಾಲದ ಮೊಬೈಲ್ ಅಂಗಡಿಯಲ್ಲಿ ಡಿಸ್‌ಪ್ಲೇ ಬದಲಾಯಿಸುತ್ತಾನೆ, ರಾತ್ರಿ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಾನೆ. ಗಣೇಶನ ಹಬ್ಬ, ಮಾರಿಹಬ್ಬ, ಕೊಂಡೋತ್ಸವ, ಆರತಕ್ಷತೆ, ಎಲ್ಲಿ 'ರಸಮಂಜರಿ' ಅಂತ ಬ್ಯಾನರು ಕಟ್ಟಿದರೂ ಅಲ್ಲಿ ಇವನಿರುತ್ತಾನೆ. ಎಲ್ಲಿ ಅಂದರೆ ಡ್ರಮ್ಸಿನ ಪಕ್ಕ, ಬ್ಯಾನರಿನಲ್ಲಿರುವ ದಾನಿಗಳ ಫೋಟೋಗಳ ನೆರಳಿನಲ್ಲಿ. ಹಾಡುವವರಿಗೆ ನೋಟಿನ ಹಾರ ಬೀಳುತ್ತದೆ, ಕೀಬೋರ್ಡಿನವನಿಗೆ ಶಿಳ್ಳೆ ಬೀಳುತ್ತದೆ, ರಿದಂ ಪ್ಯಾಡಿನವನ ಮುಂದೆ ಹುಡುಗರು ಬಂದು ಕುಣಿಯುತ್ತಾರೆ. ಬೇಸಿನವನ ಹತ್ತಿರ ಬರುವವರು ಒಬ್ಬರೇ, "ಸ್ವಲ್ಪ ಜರುಗಿ, ವೈರ್ ಎಳೀಬೇಕು" ಅನ್ನುವ ಮೈಕ್ ಸೆಟ್ಟಿನವರು. ಆರ್ಕೆಸ್ಟ್ರಾದ ಯಜಮಾನ ಒಂದು ದಿನ ನನ್ನೆದುರೇ ಲೆಕ್ಕ ಹೇಳಿದ: "ಕೀಬೋರ್ಡಿನವ್ನ ಎಡಗೈ ಸುಮ್ನ ಕುಂತದ ಮಾಷ್ಟ್ರೇ. ಅದೇ ಕೈ ಬೇಸ್ ಹೊಡದ್ಬುಟ್ರ ಒಂದು ಊಟ ಉಳೀತದ." ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಆಗಿರುವುದೂ ಅದೇ. ಕೀಬೋರ್ಡಿನ ಎಡಗೈ ನಾಲ್ಕು ತಂತಿಗಳ ಅನ್ನ ಕಿತ್ತುಕೊಂಡಿದೆ.

ಇವನಿಗೆ ಈ ಹುಚ್ಚು ಹತ್ತಿದ್ದು ಹೇಗೆ ಅಂತ ಕೇಳಿದೆ. ಉತ್ತರ ಹೇಳುವ ಬದಲು ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದ. ಶಂಕರನಾಗ್ ನಿರ್ದೇಶಿಸಿದ 'ಗೀತಾ', 1981ರದು, ಇಳಯರಾಜಾ ಸಂಗೀತ. ನಲವತ್ತು ವರ್ಷದಿಂದ ರೇಡಿಯೋದಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಹಾಡುಗಳು. "ಹಾಡು ಕೇಳಬೇಡ ಮಾವ, ಹಾಡಿನ ಕೆಳಗಡೆ ಕೇಳು" ಅಂದ. ಕೇಳಿದೆ. ಎಸ್ಪಿಬಿ ಒಂದು ಕಡೆ ಹೋಗುತ್ತಿದ್ದರೆ ಅದರ ಕೆಳಗೆ ಇನ್ಯಾರೋ ಒಬ್ಬ ಕೈ ಹಿಂದೆ ಕಟ್ಟಿಕೊಂಡು ತನ್ನ ಪಾಡಿಗೆ ತಾನು ಅಡ್ಡಾಡುತ್ತಿದ್ದ. ಒಮ್ಮೆ ಓಡಿದ, ಒಮ್ಮೆ ನಿಂತ, ಸಂದು ಸಿಕ್ಕಲ್ಲಿ ನುಸುಳಿದ. ಅದು ಇನ್ನೊಂದು ಹಾಡೇ. ನಲವತ್ತು ವರ್ಷ ಅದೇ ಮನೆಯಲ್ಲಿದ್ದ ಬಾಡಿಗೆದಾರನನ್ನು ಮೊದಲ ಸಲ ನೋಡಿದ ಮನೆ ಮಾಲೀಕನ ಹಾಗೆ ಕೂತೆ. ತಪ್ಪು ನನ್ನ ಕಿವಿಯದಷ್ಟೇ ಅಲ್ಲ. ಬೇಸಿನ ದಪ್ಪ ತಂತಿಯನ್ನು ಹಾಗೇ ಮೀಟಿದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ನಮ್ಮ ಟ್ರಾನ್ಸಿಸ್ಟರಿನ ಅಂಗೈಯಗಲದ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಬಾಯಿಗೇ ಬರುವುದಿಲ್ಲ. ಮಾರಿಗುಡಿಯ ಹಾರನ್ ಮೈಕಿನ ವಿಷಯವಂತೂ ಕೇಳಲೇಬೇಡಿ, ಅದರಲ್ಲಿ ಬೇಸ್ ಹುಡುಕುವುದು ಒಂದೇ, ಜರಡಿಯಲ್ಲಿ ಮಜ್ಜಿಗೆ ಹಿಡಿಯುವುದು ಒಂದೇ.

ಈ ವಾದ್ಯ ಹುಟ್ಟಿದ ಕತೆ ನನಗೆ ಬಹಳ ಹಿಡಿಸಿತು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೊ ಫೆಂಡರ್ ಎಂಬಾತ 'ಪ್ರಿಸಿಷನ್ ಬೇಸ್' ಅಂತ ಹೊರತಂದ. ಅದಕ್ಕೂ ಮುಂಚೆ ಬೇಸ್ ಅಂದರೆ ಆಳುದ್ದದ ಪಿಟೀಲು. ಸಾಗಿಸಲು ಗಾಡಿ ಬೇಕು, ಡ್ರಮ್ಸಿನ ನಡುವೆ ಅದರ ಸದ್ದು ಯಾರಿಗೂ ಕೇಳುತ್ತಿರಲಿಲ್ಲ, ಸ್ವರಸ್ಥಾನ ಹುಡುಕಲು ವರ್ಷಗಟ್ಟಲೆ ಸಾಧನೆ ಬೇಕು. ಫೆಂಡರ್ ಅದನ್ನು ಅಡ್ಡ ಮಲಗಿಸಿ, ಹೆಗಲಿಗೆ ನೇತುಹಾಕಿ, ಕುತ್ತಿಗೆಗೆ ಲೋಹದ ಮೆಟ್ಟುಗಳನ್ನು ಬಡಿದುಬಿಟ್ಟ. ಮೆಟ್ಟಿನ ಹಿಂದೆ ಬೆರಳಿಟ್ಟರೆ ಸ್ವರ ಕರಾರುವಾಕ್ಕು, ಅದಕ್ಕೇ ಆ ಹೆಸರು. ಇದರಲ್ಲಿ ಸ್ವಾರಸ್ಯ ಏನು ಗೊತ್ತೆ? ಆ ಪುಣ್ಯಾತ್ಮನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅವನು ರೇಡಿಯೋ ರಿಪೇರಿಯವನು! ಈ ಸಂಗತಿ ತಿಳಿದ ದಿನದಿಂದ ನನ್ನ ಅಳಿಯ ಮೊಬೈಲ್ ರಿಪೇರಿಯನ್ನು ನೋಡುವ ರೀತಿಯೇ ಬದಲಾಗಿದೆ. ಗಿರಾಕಿ ಬಂದು ಚಾರ್ಜಿಂಗ್ ಪಿನ್ ಹೋಗಿದೆ ಅಂದರೆ, "ಇಡಿ, ನೋಡ್ತೀನಿ" ಎಂದು ಫುಲ್ಲರ್ಟನ್ ಪಟ್ಟಣದಿಂದ ಮಾತಾಡುತ್ತಾನೆ.

ಬೇಸ್ ಆರಿಸುವುದನ್ನು ನೋಡಬೇಕು ನೀವು. ನಮ್ಮಪ್ಪ ಮುಡುಕುತೊರೆ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದುದು ನೆನಪಾಗುತ್ತದೆ. ಹಲ್ಲು ಎಣಿಸಿ, ಸುಳಿ ನೋಡಿ, ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅಳಿಯನೂ ಹಾಗೇ. ಮೈಸೂರಿನ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಕೊಡುತ್ತಾನೆ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕುತ್ತಿಗೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ, ನೊಗ ನೆಟ್ಟಗಿದೆಯೇ ಅಂತ ನೋಡುವ ಹಾಗೆ. ಪ್ರತಿ ಮೆಟ್ಟಿನ ಮೇಲೂ ಬೆರಳಿಟ್ಟು ನುಡಿಸಿದ, ಎಲ್ಲಾದರೂ ತಂತಿ ಚರ್ರ್ ಅನ್ನುತ್ತದೆಯೇ ಅಂತ. ಗುಂಡಿ ತಿರುವಿದ, ಕರಕರ ಅಂತು, ಅದಕ್ಕೆ ಐನೂರು ಇಳಿಸಿದ. ಅದು ಎರಡನೇ ಬಗೆಯದು, 1960ರಲ್ಲಿ ಬಂದ 'ಜಾಜ್ ಬೇಸ್' ಮಾದರಿ. ಕುತ್ತಿಗೆಯ ತುದಿ ಒಂದೂವರೆ ಇಂಚು ಅಗಲ, ಸಣ್ಣ ಕೈಗೆ ಸಲೀಸು. ತಲೆಯ ಮೇಲಿನ ಕಂಪನಿ ಹೆಸರನ್ನು ಯಾರೋ ಕೆರೆದು ಹಾಕಿದ್ದರು. ಗಿಟಾರ್ ಲೋಕದಲ್ಲಿ ಹೆಸರಿಗೆ ಬಹಳ ಬೆಲೆ ಇದೆ ನೋಡಿ. ಗಿಬ್ಸನ್ ಅಂದರೆ ಅಮೆರಿಕ, ಗಿವ್ಸನ್ ಅಂದರೆ ಕಲ್ಕತ್ತಾ. ಒಂದೇ ಒಂದು ಒತ್ತಕ್ಷರದಲ್ಲಿ ಒಂದು ಮಹಾಸಾಗರ ದಾಟಬಹುದು, ಲಕ್ಷ ರೂಪಾಯಿಯೂ ಉಳಿಯುತ್ತದೆ. ಕೆರೆದು ಹಾಕಿದರೆ ಯಾವ ಖಂಡ ಅಂತಲೂ ತಿಳಿಯುವುದಿಲ್ಲ. ಹದಿನಾಲ್ಕು ಸಾವಿರಕ್ಕೆ ಮುಗಿಯಿತು.

ಮುಗಿಯಿತು ಅಂತ ನಾನಂದುಕೊಂಡೆ. ಎತ್ತು ಹೊಡೆದುಕೊಂಡು ಬಂದ ಮಾರನೇ ದಿನವೇ ಅದರ ಕಾಲು ಬದಲಾಯಿಸುವ ರೈತನನ್ನು ನಾನು ನೋಡಿಲ್ಲ. ಬೇಸಿನವರು ಹಾಗಲ್ಲ. ಇಷ್ಟು ಹುಡುಕಿ, ಇಷ್ಟು ಚೌಕಾಸಿ ಮಾಡಿ, ಇದೇ ಬೇಕು ಅಂತ ತಂದದ್ದನ್ನು ಮೊದಲು ಬಿಚ್ಚುತ್ತಾರೆ. ಇದಕ್ಕೆ ಗುರುಪರಂಪರೆಯೂ ಇದೆಯಂತೆ. ಜಾಕೊ ಪಾಸ್ಟೋರಿಯಸ್ ಎಂಬ ಮಹಾನುಭಾವ, ಫೆಂಡರ್ ಕಷ್ಟಪಟ್ಟು ಬಡಿದ ಮೆಟ್ಟುಗಳನ್ನೆಲ್ಲ ಕಿತ್ತೆಸೆದು, ಗೀರುಗಳಿಗೆ ಪುಟ್ಟಿ ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದು ನುಡಿಸಿ ಲೋಕಪ್ರಸಿದ್ಧನಾದ. ಇನ್ನೊಬ್ಬರು ಜೇಮ್ಸ್ ಜೇಮರ್ಸನ್, ಅಮೆರಿಕದ ಮೋಟೌನ್ ಹಾಡುಗಳ ಬೆನ್ನೆಲುಬು. ಅವರು ತಂತಿಯನ್ನೇ ಬದಲಾಯಿಸುತ್ತಿರಲಿಲ್ಲವಂತೆ. ಕೊಳೆಯಲ್ಲೇ ನಾದ ಇದೆ ಅನ್ನುವ ಪಂಥ. ಬಲಗೈಯ ಒಂದೇ ಬೆರಳಲ್ಲಿ ಅಷ್ಟೂ ನುಡಿಸಿದರು. ನಾನು ಅಳಿಯನಿಗೆ ಸೂಚಿಸಿದ್ದು ಈ ಎರಡನೇ ಗುರುವನ್ನು, ಖರ್ಚಿಲ್ಲದ ಮಾರ್ಗ ಅಂತ. ಅವನು ಹಿಡಿದದ್ದು ಮೊದಲನೆಯವರನ್ನು.

ಹಾಗೆ ಶುರುವಾದದ್ದು ಪಿಕಪ್ಪಿನ ಕಾಂಡ. ಪಿಕಪ್ ಅಂದರೆ ತಂತಿಯ ಕೆಳಗೆ ಅಡಗಿ ಕೂತ ಕಿವಿ. ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅದುರಿದರೆ ಕೆಳಗಿನ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಅಷ್ಟೇ ಸಂಗತಿ. ಆ ಸುರುಳಿಯನ್ನು ಪೂರ್ತಿ ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿಗೂ ಮೀರುತ್ತದೆ ಅಂದ ಅಳಿಯ. ಪಕ್ಕದಲ್ಲಿ ನನ್ನ ತಂಗಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದಳು. ಅವರ ಮನೆಯಲ್ಲಿ ವರ್ಷಕ್ಕೆ ನಾಲ್ಕೈದು ಬೆಳೆ ಹುಳ ಸಾಕುತ್ತಾರೆ. ಒಳ್ಳೆ ಬೈವೋಲ್ಟೈನ್ ಗೂಡೊಂದನ್ನು ಬಿಚ್ಚಿದರೂ ಎಳೆ ಸುಮಾರು ಒಂದು ಕಿಲೋಮೀಟರೇ ಬರುತ್ತದೆ. ಕತ್ತಿ ಕೆಳಗಿಟ್ಟು, ಆ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಎಷ್ಟ್ಲಾ ಇದು?"

"ಎರಡು ಸೇರಿ ಒಂಬತ್ ಸಾವ್ರ ಕನವ್ವ."

"ಒಂದು ತಿಂಗ್ಳು ನಿದ್ದೆಗೆಟ್ಟು ನಾನು ಮಾರಿದ್ದೂ ಗೂಡೇ. ಆ ದುಡ್ನಲ್ಲಿ ನೀನು ಕೊಂಡ್ಕಂಡು ಬಂದಿರೋದೂ ಗೂಡೇ. ನನ್ ಗೂಡ್ನಾಗ ಹುಳಾನಾದ್ರೂ ಇತ್ತು."

ಹುಳ ಇವನ ತಲೆಯಲ್ಲಿದೆ ಅನ್ನಬೇಕೆಂದಿದ್ದೆ. ತಂಗಿ ಮನೆಯಲ್ಲಿ ಅಂದು ಬಾಡೂಟ ಇತ್ತು, ಸುಮ್ಮನಾದೆ.

ಹೊಸ ಪಿಕಪ್ ಯಾಕೆ ಅಂತ ಕೇಳಿದರೆ 'ಹಮ್ಮು' ಅಂದ. ಅದೊಂದು ಗುಂಯ್‌ಗುಟ್ಟುವಿಕೆ. ಒಂಟಿ ಸುರುಳಿಯ ಪಿಕಪ್ಪು ತಂತಿಯ ಸದ್ದನ್ನು ಹಿಡಿಯುವ ಹಾಗೆ ಸುತ್ತಮುತ್ತಲ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ತೂಗುವ ಕರೆಂಟು. ಬೇಸಿನ ದಪ್ಪ ತಂತಿಯ ಮೂರನೇ ಮೆಟ್ಟಿನ ಸ್ವರ 49. ಅಂದರೆ ನಮ್ಮ ಕರೆಂಟು ತಾನೇ ಒಂದು ಬೇಸ್ ಸ್ವರ, ಒಂದು ಕೂದಲು ಹೆಚ್ಚು ಶ್ರುತಿ, ಅಷ್ಟೇ! 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತೆಗೆದು ಮೊದಲು ಕೋಲಾರದ ಚಿನ್ನದ ಗಣಿಗೆ ಕಳಿಸಿದರು, ಪಕ್ಕದ ನಮಗೆ ಆಮೇಲೆ ಸಿಕ್ಕಿತು ಅಂತ ನಮ್ಮ ಕಡೆ ಹಿರಿಯರಿಗೆ ಈಗಲೂ ಒಂದು ಸಣ್ಣ ಮುನಿಸಿದೆ. ಈಗ ಅದು ಕರೆಯದೇ ಬಂದು ಅಳಿಯನ ಗಿಟಾರಿನಲ್ಲಿ ಹಾಡುತ್ತಿದೆ. ಜನರೇಟರಿನ ಮೇಲೆ ಕಾರ್ಯಕ್ರಮ ಆದರಂತೂ ಇನ್ನೂ ಮಜಾ. ಹಾಡಿನ ನಡುವೆ ಯಾರೋ ಸೀರಿಯಲ್ ಸೆಟ್ಟು ಹಚ್ಚುತ್ತಾರೆ, ಜನರೇಟರ್ ಮುಕ್ಕರಿಸುತ್ತದೆ, ಹಮ್ಮಿನ ಶ್ರುತಿ ಸರ್ರನೆ ಇಳಿಯುತ್ತದೆ. ಜಗತ್ತಿನ ಯಾವ ಪುಸ್ತಕದಲ್ಲೂ ಇದಕ್ಕೊಂದು ರಾಗದ ಹೆಸರಿಲ್ಲ.

ಇದಕ್ಕೆ ಪರಿಹಾರ 1950ರ ದಶಕದಲ್ಲೇ ಸಿಕ್ಕಿತ್ತು. ಒಂದರ ಬದಲು ಎರಡು ಸುರುಳಿ, ಒಂದಕ್ಕೊಂದು ಉಲ್ಟಾ. ಫೆಂಡರ್ 1957ರಲ್ಲಿ ಪ್ರಿಸಿಷನ್ ಬೇಸಿನ ಪಿಕಪ್ಪನ್ನು ಎರಡು ಹೋಳು ಮಾಡಿದ್ದೂ ಇದೇ ಉಪಾಯದ ಮೇಲೆ. ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಒಂದೇ ಮನೆಗೆ ಅಳಿಯಂದಿರಾದ ಇಬ್ಬರು ಷಡ್ಡಕರನ್ನು ಪಂಚಾಯ್ತಿಗೆ ಕೂರಿಸಿ. ಹೊರಗಿನ ಗಲಾಟೆ ಯಾವುದೇ ಬರಲಿ, ಒಬ್ಬ ಹೂಂ ಅಂದರೆ ಇನ್ನೊಬ್ಬ ಊಹೂಂ ಅನ್ನುತ್ತಾನೆ, ಇಬ್ಬರದೂ ಸೇರಿ ಸೊನ್ನೆ. ಆದರೆ ಮಾವನ ಆಸ್ತಿಯ ಮಾತು ಬಂದರೆ ಇಬ್ಬರದೂ ಒಂದೇ ದನಿ, ಎರಡು ಪಟ್ಟು ಜೋರು. ತಂತಿಯ ನಾದ ಆ ಆಸ್ತಿ.

ಪಿಕಪ್ ಬಂತು, ಬೆಸುಗೆ ಆಯಿತು. ಗುಂಡಿ ಇರುವ ಗುಳಿಗೂ ತಾಮ್ರದ ಹಾಳೆ ಹೊದಿಸಿದರೆ ಹಮ್ಮು ಇನ್ನೂ ಕಮ್ಮಿಯಾಗುತ್ತದೆ ಅಂತ ಎಲ್ಲೋ ಕೇಳಿದ. ತಾಮ್ರದ ಹಾಳೆಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು, ಕಾರ್ಯಕ್ರಮ ನಾಳೆ. ಅತ್ತೆ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಇತ್ತು. ಅದನ್ನೇ ಒಳಗೆಲ್ಲ ಅಂಟಿಸಿದ. ಉಪಾಯವೇನೋ ಸರಿಯಾದದ್ದೇ. ಹಾಳೆಯನ್ನು ಅರ್ತಿಂಗಿಗೆ ಸೇರಿಸಬೇಕು, ನಾದ ಸಾಗಿಸುವ ವೈರಿಗೆ ಮಾತ್ರ ಅದು ತಾಗಬಾರದು. ಕೊಂಡದ ರಾತ್ರಿ ಎರಡನೇ ಹಾಡಿಗೇ ಎಲ್ಲೋ ತಾಗಿತು. ನಾದ ಪೂರ್ತಿ ಭೂಮಿತಾಯಿಗೆ ಅರ್ಪಿತ. ಹಮ್ಮು ಸೊನ್ನೆ, ಬೇಸೂ ಸೊನ್ನೆ.

ಇವನು ಬಿಡಬೇಕಲ್ಲ? ಸದ್ದಿಲ್ಲದ ಗಿಟಾರನ್ನು ಮೊದಲಿನ ಹಾಗೇ ತಲೆ ಆಡಿಸುತ್ತ ನುಡಿಸಿದ. ಮೂರು ಹಾಡು. ಹಾಡುವವರಿಗೆ ಗೊತ್ತಾಗಲಿಲ್ಲ, ಕೀಬೋರ್ಡಿನವನಿಗೆ ಗೊತ್ತಾಗಲಿಲ್ಲ, ಯಜಮಾನನಿಗೆ ಗೊತ್ತಾಗಿದ್ದರೆ ಊಟ ಉಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಸೋದರಮಾವನಾದ ನನಗೂ ಗೊತ್ತಾಗಲಿಲ್ಲ, ದೇವರಾಣೆ. ನಾಲ್ಕನೇ ಹಾಡಿನ ಹೊತ್ತಿಗೆ ವೇದಿಕೆಯ ಪಕ್ಕ ಕಡಲೆಕಾಯಿ ಗಾಡಿ ನಿಲ್ಲಿಸಿಕೊಂಡಿದ್ದವರು ಎದ್ದು ಬಂದು ಇವನ ಕಾಲಿನ ಹತ್ತಿರ ಬಾಗಿ ಕೇಳಿದರು: "ಯಾಕಪ್ಪ, ನಿಲ್ಲಿಸ್ಬುಟ್ಟಾ? ನನ್ ತಕ್ಕಡಿ ಅಲ್ಲಾಡ್ತಾನೇ ಇಲ್ವಲ್ಲ!" ದೊಡ್ಡ ಪೆಟ್ಟಿಗೆಯ ಸ್ಪೀಕರಿನ ಎದುರೇ ಅವರ ಗಾಡಿ. ಇವನು ನುಡಿಸಿದಾಗಲೆಲ್ಲ ತಕ್ಕಡಿಯ ತಟ್ಟೆ ನಡುಗಿ, ಮುಳ್ಳು ನಿಲ್ಲದೆ, ಒಂದೆರಡು ಕಾಯಿ ಆ ಕಡೆ ಈ ಕಡೆ ಆದರೂ ಗಿರಾಕಿ ಕೇಳುವಂತಿರಲಿಲ್ಲ. ಬೇಸ್ ನಿಂತ ಮೇಲೆ ತೂಕ ಕರಾರುವಾಕ್ಕಾಗಿ ವ್ಯಾಪಾರದಲ್ಲಿ ನಷ್ಟ ಬಂದಿತ್ತು! ಅಳಿಯ ಆ ಮಾತನ್ನು ಈಗಲೂ ಪ್ರಶಸ್ತಿಪತ್ರದ ಹಾಗೆ ಹೇಳಿಕೊಂಡು ಓಡಾಡುತ್ತಾನೆ. ಅಲ್ಯೂಮಿನಿಯಂ ಹಾಳೆ ಮಾತ್ರ ಈಗ ಬೀಗದ ಒಳಗಿದೆ, ನನ್ನ ಹೆಂಡತಿಯ ಅಪ್ಪಣೆ.

ಈಗ ಕಂಪ್ರೆಸರ್. ಇಡೀ ಜಗಲಿಗೆ ಅರ್ಥ ಮಾಡಿಸುವ ಹೊಣೆ ನನ್ನ ಮೇಲೆ ಬಿದ್ದದ್ದರಿಂದ ಅಳಿಯನನ್ನು ಕೂರಿಸಿ ಕೇಳಿದೆ. ಬೆರಳು ಒಮ್ಮೆ ಜೋರು ಬೀಳುತ್ತದೆ, ಒಮ್ಮೆ ಮೆಲ್ಲಗೆ. ಜೋರಾದದ್ದನ್ನು ಅದುಮಿ, ಮೆಲ್ಲಗಾದದ್ದನ್ನು ಎತ್ತಿ, ಎಲ್ಲ ಸ್ವರವೂ ಸಮಸಮ ಕೇಳುವ ಹಾಗೆ ಮಾಡುವ ಪೆಟ್ಟಿಗೆ ಇದು. ಬೆಂಕಿಪೊಟ್ಟಣ ನಾಲ್ಕು ಜೋಡಿಸಿದಷ್ಟೇ ದೊಡ್ಡದು, ಕಾಲಲ್ಲಿ ಅಮುಕುವುದು. ಅದರ ಮೇಲೆ ನಾಲ್ಕು ಗುಂಡಿ. ಮೊದಲನೆಯದು 'ಥ್ರೆಶೋಲ್ಡ್'. ಅಂದರೆ ಹೊಸ್ತಿಲು.

ಹೊಸ್ತಿಲು ಅಂದ ಕೂಡಲೇ ನನಗೆ ಎಲ್ಲ ಹೊಳೆದುಹೋಯಿತು. ನಮ್ಮ ದೊಡ್ಡಕ್ಕ! ಅಣ್ಣತಮ್ಮಂದಿರ ಪಾಲು ವಿಚಾರಕ್ಕೆ ಕೂತಾಗಲೆಲ್ಲ ಅವಳು ಹೊಸ್ತಿಲ ಪಕ್ಕ ಎಲೆಅಡಿಕೆ ಹಾಕಿಕೊಂಡು ಕೂರುತ್ತಾಳೆ. ಹೊಸ್ತಿಲ ಒಳಗಿನ ದನಿಯಲ್ಲಿ ನೀವು ಏನು ಬೇಕಾದರೂ ಮಾತಾಡಿ, ಅವಳು ತಲೆ ಹಾಕುವುದಿಲ್ಲ. ದನಿ ಹೊಸ್ತಿಲು ದಾಟಿ ಬೀದಿಗೆ ಬಿತ್ತೋ, ಅಲ್ಲಿಂದ ಅವಳ ಕೆಲಸ ಶುರು. ಎರಡನೇ ಗುಂಡಿ 'ರೇಷಿಯೊ'. ನಾಲ್ಕಕ್ಕೆ ಒಂದು ಅಂತ ಇಟ್ಟರೆ, ನೀವು ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆ ಹಾರಿದರೂ ನಿಮ್ಮನ್ನು ಒಂದೇ ಹೆಜ್ಜೆಗೆ ನಿಲ್ಲಿಸುತ್ತದೆ. ಪೂರ್ತಿ ಬಾಯಿ ಮುಚ್ಚಿಸುವುದಿಲ್ಲ, ಅದೇ ಅಕ್ಕನ ಹೆಚ್ಚುಗಾರಿಕೆ. ಮೂರನೆಯದು 'ಅಟ್ಯಾಕ್', ಎಷ್ಟು ಬೇಗ ಅದುಮಬೇಕು ಅನ್ನುವುದು. ಬಹಳ ಬೇಗ ಅದುಮಿದರೆ ಬೆರಳು ಬಿದ್ದ 'ಟಣ್' ಅನ್ನುವ ಮೊದಲ ಪೆಟ್ಟೇ ಸತ್ತುಹೋಗಿ ನಾದ ಸಪ್ಪೆ. ಸ್ವಲ್ಪ ತಡೆದರೆ ಪೆಟ್ಟೂ ಉಳಿಯುತ್ತದೆ, ಬಾಲವೂ ಹದವಾಗುತ್ತದೆ. ಅಕ್ಕನೂ ಮೊದಲ ಬೈಗುಳ ಪೂರ್ತಿ ಬೈಯಲು ಬಿಡುತ್ತಾಳೆ, ಎರಡನೆಯದಕ್ಕೆ ಹಿಡಿಯುತ್ತಾಳೆ. ನಾಲ್ಕನೆಯದು 'ರಿಲೀಸ್', ಹಿಡಿದದ್ದನ್ನು ಎಷ್ಟು ಹೊತ್ತಿಗೆ ಬಿಡಬೇಕು. ಪೆಟ್ಟಿಗೆಗಳಲ್ಲಿ ಇದು ಅರ್ಧ ಸೆಕೆಂಡು, ಒಂದು ಸೆಕೆಂಡು. ನಮ್ಮಕ್ಕನದು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ.

ಇಷ್ಟು ವಿವರಿಸಿದ ಮೇಲೆ ಜಗಲಿಯವರಿಗೆಲ್ಲ ಅರ್ಥವಾಯಿತು. ಎದುರು ಮನೆ ಯಜಮಾನರು ಮಾತ್ರ, "ಅಕ್ಕ ಪುಕ್ಕಟೆ ಸಿಕ್ಕುವಾಗ ಹನ್ನೊಂದು ಸಾವಿರ ಯಾಕ ಕೊಡಬೇಕು?" ಅಂದರು.

ನಮ್ಮ ಬೀದಿಯ ತುದಿಯಲ್ಲಿ ತಂಬೂರಿ ಅಯ್ಯ ಇದ್ದಾರೆ. ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರು. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಚಂದ್ರಮಂಡಲ ಹತ್ತಿದಾಗ ಅಲ್ಲಿ ಹಾಡಲು ಹೋಗುತ್ತಾರೆ. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ, ಹೊತ್ತು ಮುಳುಗಿದಾಗ ಹಿಡಿದ ಕತೆ ಹೊತ್ತು ಹುಟ್ಟಿದರೂ ಮುಗಿಯುವುದಿಲ್ಲ. ಅವರಿಗೆ ನಮ್ಮ ಅಳಿಯನ ಮೇಲೆ ಒಂದು ಕುತೂಹಲ, ಇವನದೂ ನಾಲ್ಕೇ ತಂತಿ ಅಂತ. ಒಂದು ಭಾನುವಾರ ಇಬ್ಬರೂ ನಮ್ಮ ಜಗಲಿಗೆ ಬಂದರು. ಮಾವನ ಗಡಸು ಮಾತು, ಅಯ್ಯನ ಹಿತವಚನ ಎರಡರಿಂದಲೂ ಹುಡುಗನ ಖರ್ಚಿನ ಚಟ ಬಿಡಬಹುದು, ತಂಬೂರಿ ನೋಡಿದರೆ ಸರಳತೆ ಕಲಿತಾನು ಅಂತ ನನ್ನ ಲೆಕ್ಕ.

ಅಳಿಯ ಸ್ಕ್ರೂಡ್ರೈವರ್ ತೆಗೆದು ಪಿಕಪ್ಪಿನ ತಿರುಪನ್ನು ಕಾಲು ಸುತ್ತು ತಿರುಗಿಸಿದ. ತಂತಿಗೆ ಹತ್ತಿರವಾದರೆ ನಾದ ಗಡುಸು, ದೂರವಾದರೆ ಮೆತ್ತಗೆ. ನುಡಿಸಿ, "ಈಗ ಹೇಗಿದೆ ಮಾವ?" ಅಂದ. ಅಯ್ಯನವರು ಪಂಚೆಯ ಅಂಚಿನಿಂದ ಒಂದು ನೂಲೆಳೆ ಕಿತ್ತು, ತಂತಿಗೂ ಅದು ಕೂರುವ ಕುದುರೆಗೂ, ಅಂದರೆ ಬ್ರಿಡ್ಜಿಗೂ, ನಡುವೆ ಸಿಕ್ಕಿಸಿ, ಎಳ್ಳುಕಾಳಿನಷ್ಟು ಸರಿಸಿದರು. ತಂಬೂರಿಯ ಜೀವಾಳ ಅದು. ಆ ಎಳೆ ಸರಿಯಾದ ಜಾಗಕ್ಕೆ ಬಂದರೆ ಬರೀ ತಂತಿ ಸದ್ದು ಜೇನುಹುಳದ ಝೇಂಕಾರವಾಗುತ್ತದೆ. ಮೀಟಿ, "ಈಗ ಹೆಂಗದ ಮಾಷ್ಟ್ರೇ?" ಅಂದರು. ಇನ್ನೊಂದು ಕಾಲು ಸುತ್ತು. ಇನ್ನೊಂದು ಎಳ್ಳುಕಾಳು. ಈಗ? ಈಗ? ಒಂದೂವರೆ ಗಂಟೆ! ನನಗೆ ಎರಡರಲ್ಲೂ ಮೊದಲಿನದಕ್ಕೂ ಈಗಿನದಕ್ಕೂ ವ್ಯತ್ಯಾಸ ತಿಳಿಯಲಿಲ್ಲ, ಇಬ್ಬರಿಗೂ "ಆಹಾ" ಅನ್ನುತ್ತ ಕೂತೆ. ನಡುವೆ ಅಳಿಯ ಕೊಳ್ಳೇಗಾಲದ ರೇಷ್ಮೆ ಎಳೆ ಹಾಕಿ ನೋಡಬಾರದೇ ಅಂದ. ಅಯ್ಯನವರು ಅವನನ್ನು ಮೊದಲ ಸಲ ಗೌರವದಿಂದ ನೋಡಿದರು. "ಹಾಕಿ ನೋಡಿವ್ನಿ ಕನ್ ಮೊಗ. ಜಾರ್ತದ. ಮೂರು ನಮೂನಿ ನೂಲು ಮಡಗಿವ್ನಿ, ಮಳೆಗಾಲಕ್ಕ ಬ್ಯಾರೆ, ಬ್ಯಾಸಗೀಗ ಬ್ಯಾರೆ." ಹಾಗಂದು ಸೊಂಟದ ಸಂಚಿ ಬಿಚ್ಚಿದರು. ಎಲೆಅಡಿಕೆ ಇರಬೇಕಾದ ಸಂಚಿಯಲ್ಲಿ ನೂಲಿನ ಸುರುಳಿಗಳು!

ನನ್ನ ಲೆಕ್ಕ ತಲೆಕೆಳಗಾದದ್ದು ಅಲ್ಲಿಗೆ. ಅವರ ಮಗ ಹಿಂದೊಮ್ಮೆ ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ತಂಬೂರಿ ತಂದುಕೊಟ್ಟಿದ್ದನಂತೆ. ಅದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಪೆಟ್ಟಿಗೆ, 1979ರಲ್ಲಿ ರಾಡೆಲ್‌ನ ಜಿ. ರಾಜ್ ನಾರಾಯಣ್ ಮಾಡಿದ್ದು, ಸಂಗೀತದವರ ಮನೆಮನೆಯಲ್ಲೂ ಈಗ ಅದೇ. "ಅದು ಒಂದೇ ಸಮ್ಕ ನುಡೀತದ. ನನ್ ಕೈಗೇನ್ ಕೆಲ್ಸ?" ಅಂತ ಅಯ್ಯನವರು ಮೂಲೆಗಿಟ್ಟರಂತೆ. ಆದರೆ ತಂಬೂರಿಯ ಸದ್ದು ಜಾತ್ರೆಯ ಗದ್ದಲದಲ್ಲಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಅನ್ನುವ ಸಂಕಟ ಇದ್ದೇ ಇತ್ತು. ಅಳಿಯ ತಡಮಾಡಲಿಲ್ಲ. ಕಿತ್ತಿಟ್ಟಿದ್ದ ಹಳೇ ಪಿಕಪ್ಪನ್ನು ತಂಬೂರಿಯ ಕೆಳಗೆ ಹಿಡಿದ. ಉಕ್ಕಿನ ತಂತಿಗಳು ನುಡಿದವು, ಹಿತ್ತಾಳೆಯದು ಮೂಕವಾಯಿತು. ಅಯಸ್ಕಾಂತ ಹಿತ್ತಾಳೆಯನ್ನು ಮಾತಾಡಿಸುವುದಿಲ್ಲ. ಆಮೇಲೆ ಅಂಗಡಿಯಿಂದ ಕಾಸಿನಗಲದ ಪೀಜೋ ಬಿಲ್ಲೆಯೊಂದನ್ನು ತಂದ, ಬಜರಿನೊಳಗೆ ಇರುವಂಥದ್ದು. ಅದಕ್ಕೆ ತಂತಿ ಯಾವುದಾದರೇನು, ಮರದ ನಡುಕವೇ ಸಾಕು. ಬುರುಡೆಗೆ ಮೇಣದಲ್ಲಿ ಅಂಟಿಸಿ ವೈರು ಎಳೆದ. ಅಯ್ಯನವರು ಮೀಟಿದರು. ನಮ್ಮ ಜಗಲಿ ಕಂಬವೇ ಝೇಂಕರಿಸಿತು. ಅಡುಗೆಮನೆಯಲ್ಲಿ ಲೋಟಗಳು ಮಾತಾಡಿಕೊಂಡವು.

ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಭಾವಪರವಶರಾದರು ಅಂದುಕೊಂಡೆ.

"ಇದ್ನ ವಸಿ ಮ್ಯಾಕ್ಕ ಅಂಟ್ಸು ಮೊಗ" ಅಂದರು ಕಣ್ಣು ಬಿಟ್ಟು.

ಮೇಲಕ್ಕೆ ಅಂಟಿಸಿದ. ಆಮೇಲೆ ಕೆಳಕ್ಕೆ. ಆಮೇಲೆ ಎಡಕ್ಕೆ. ಮರುದಿನ ಬೇರೆ ಮೇಣ. ಗುರುವಾರ ಎರಡು ಬಿಲ್ಲೆ. ಈಗ ವಾರದಿಂದ ಅವರಿಬ್ಬರೂ ನಮ್ಮ ಜಗಲಿಯಲ್ಲೇ, ಬೆಸುಗೆಯ ಹೊಗೆ ನಮ್ಮ ನಡುಮನೆಗೂ ಬರುತ್ತದೆ. ನಿನ್ನೆ ಸಂಜೆ ನಾನು ಎಂದಿನಂತೆ ಅವರೆಕಾಯಿ ಹಿಡಿದು ಕೂತಿದ್ದಾಗ ಅಯ್ಯನವರು ಒಬ್ಬರೇ ಬಂದರು. ಪಂಚೆ ಸರಿಮಾಡಿಕೊಂಡು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

"ಮಾಷ್ಟ್ರೇ, ನಿಮ್ ಅಳಿಯಂಗ ಒಂದು ಮಾತ್ ಕೇಳಿ. ಮೀಟು ಒಂದ್ಸಲ ಜೋರಾಯ್ತದ, ಒಂದ್ಸಲ ಸಣ್ಣಾಯ್ತದ. ಅದೇನೋ ಹೊಸ್ಲು ಪೆಟ್ಗೆ ಅಂತಿದ್ನಲ್ಲ, ಕಂಪ್ರೆಸರ್ರು? ಹುಣ್ಣಮೆ ಒಳಗ ಒಂದು ಸಿಕ್ಕದಾ? ಹಳೇದಾದ್ರೂ ಆಯ್ತದ."

ನಾನು ಬಾಯಿ ತೆರೆಯುವ ಮೊದಲೇ ಜಗಲಿಯ ಆ ತುದಿಯಿಂದ ಪಂಚರ್ ಅಂಗಡಿ ಹುಡುಗ ಎದ್ದು ನಿಂತ.

"ಅಯ್ಯೋರೇ, ನನ್ ಹತ್ರ ಒಂದದ. ಬೆಲ್ಟು ಹೊಸ್ದು."